ಹಳೆಯ ಅಂಕಿಗಳನ್ನು ತರಗತಿಗೆ ತರುವುದು ಹೇಗೆ: ಹುಣಸೆ ಬೀಜದಿಂದ ಸೊನ್ನೆಯವರೆಗೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಶಾಲೆಗಳಲ್ಲಿ ಈ ಪಾಠ ಕೆಡುವುದು ಹೆಚ್ಚಾಗಿ ಒಂದೇ ರೀತಿ. ಈಜಿಪ್ಟ್, ಬ್ಯಾಬಿಲೋನ್, ಮಧ್ಯ ಅಮೆರಿಕದ ಮಾಯಾ, ಅಶೋಕನ ಕಾಲದ ಬ್ರಾಹ್ಮಿ ಎಲ್ಲ ಅಂಕಿಗಳೂ ಇರುವ ಒಂದು ಚಾರ್ಟ್ ಬರುತ್ತದೆ. ಮಕ್ಕಳು ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಬಣ್ಣ ಹಚ್ಚುತ್ತಾರೆ. ಚಾರ್ಟ್ ಗೋಡೆಗೆ ಹೋಗುತ್ತದೆ. ಮಾರನೇ ದಿನ "ಬ್ಯಾಬಿಲೋನಿನವರು 61 ಹೇಗೆ ಬರೆಯುತ್ತಿದ್ದರು?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದದ್ದು ಚಿತ್ರಕಲೆ ಪೀರಿಯಡ್, ಗಣಿತ ಅಲ್ಲ.

ಎಡವಟ್ಟು ಇರುವುದು ಕ್ರಮದಲ್ಲಿ. ಗುರುತು ಮೊದಲು ಬಂದುಬಿಡುತ್ತದೆ, ಅದು ಯಾಕೆ ಬೇಕಾಯಿತು ಅನ್ನುವುದು ಬರುವುದೇ ಇಲ್ಲ. ಮೊದಲು ಎಣಿಕೆ, ಆಮೇಲೆ ಗುಂಪು, ಆಮೇಲೆ ಗುರುತು. ಆ ಗುರುತಿನಲ್ಲೇ ಲೆಕ್ಕ ಮಾಡಿಸಿ, ಮಕ್ಕಳು ಒದ್ದಾಡಬೇಕು. ಸೊನ್ನೆ ಬರಬೇಕಾದ್ದು ಆ ಒದ್ದಾಟದ ನಂತರ. ಕೆಳಗಿನ ಏಳು ಹಂತಗಳೂ ಇದೇ ಕ್ರಮದಲ್ಲಿವೆ. ಹಿಂದುಮುಂದು ಮಾಡಬೇಡಿ.

## ಶುರು ಮಾಡುವ ಮೊದಲು

6ರಿಂದ 9ನೇ ತರಗತಿಗೆ ಇದು ಹೊಂದುತ್ತದೆ. ಒಂದು ಹಂತಕ್ಕೆ ಒಂದು ಪೀರಿಯಡ್ ಇಟ್ಟುಕೊಳ್ಳಿ. 4ನೇ ಹಂತಕ್ಕೆ ಎರಡು ಬೇಕಾಗಬಹುದು. ಬ್ಯಾಗ್ ಇಲ್ಲದ ಶನಿವಾರ ಇದ್ದರೆ ರಂಗೋಲಿಯ ಹಂತವನ್ನು ಆ ದಿನಕ್ಕೆ ಇಡಿ.

ಬೇಕಾಗುವ ಸಾಮಾನು:

- ಹುಣಸೆ ಬೀಜ, ಒಂದು ಗುಂಪಿಗೆ ಎರಡು ಹಿಡಿ
- ಬೆಂಕಿಕಡ್ಡಿ, ಇಲ್ಲವೇ ಗೇಣುದ್ದ ಕತ್ತರಿಸಿದ ಜೋಳದ ದಂಟು
- ರಬ್ಬರ್ ಬ್ಯಾಂಡ್
- ಸ್ಲೇಟು, ಸೀಮೆಸುಣ್ಣ, ರಂಗೋಲಿ ಪುಡಿ
- ಒಂದು ಮೊಬೈಲ್. ಕೊನೆಯ ಹಂತದವರೆಗೂ ಅದು ನಿಮ್ಮ ಜೇಬಿನಲ್ಲೇ ಇರಲಿ.

ದುಡ್ಡು ಕೊಟ್ಟು ಕೊಳ್ಳುವಂಥದ್ದು ರಬ್ಬರ್ ಬ್ಯಾಂಡ್ ಒಂದೇ. ಬಣ್ಣದ ಚಾರ್ಟ್ ಬೇಡ. ಈಗಾಗಲೇ ಗೋಡೆ ಮೇಲೆ ಇದ್ದರೆ ಈ ಪಾಠ ಮುಗಿಯುವವರೆಗೆ ತೆಗೆದಿಡಿ.

## ಹಂತ 1: ಅಂಕಿಗಳನ್ನು ಬಚ್ಚಿಡಿ

ಐದೈದು ಮಕ್ಕಳ ಗುಂಪು ಮಾಡಿ. ಒಂದೊಂದು ಗುಂಪಿನ ಮುಂದೆ ಬೀಜದ ರಾಶಿ ಹಾಕಿ. ಎಷ್ಟಿವೆ ಅಂತ ನೀವು ಹೇಳಬೇಡಿ. ಕೆಲಸ ಇಷ್ಟೇ: ಎಷ್ಟು ಬೀಜ ಇವೆ ಅನ್ನುವುದನ್ನು ಸ್ಲೇಟಿನ ಮೇಲೆ ದಾಖಲಿಸಬೇಕು. ಅಂಕಿ ಬರೆಯುವಂತಿಲ್ಲ, "ಒಂದು, ಎರಡು" ಅಂತ ಬಾಯಿ ಬಿಡುವಂತಿಲ್ಲ. ಆಮೇಲೆ ಪಕ್ಕದ ಗುಂಪಿನವರು ಸ್ಲೇಟು ನೋಡಿ ರಾಶಿ ಸರಿ ಇದೆಯೋ ಇಲ್ಲವೋ ಪರೀಕ್ಷಿಸುತ್ತಾರೆ. ನಡುವೆ ನೀವು ಬೇಕಂತಲೇ ಒಂದೆರಡು ಬೀಜ ಎತ್ತಿಟ್ಟುಕೊಳ್ಳಿ. ಸಿಕ್ಕಿಬೀಳುತ್ತೀರೋ ನೋಡಿ.

ಮೊದಲು ಎಲ್ಲರೂ ಬೀಜಕ್ಕೊಂದು ಗೀಟು ಎಳೆಯುತ್ತಾರೆ. ಮೂವತ್ತು ನಲವತ್ತು ಗೀಟು ಆಗುವಷ್ಟರಲ್ಲಿ ಕಣ್ಣು ತಪ್ಪುತ್ತದೆ. ಯಾವುದೋ ಒಂದು ಗುಂಪು ತಾನಾಗಿಯೇ ಗೀಟುಗಳನ್ನು ಕಟ್ಟು ಕಟ್ಟಲು ಶುರು ಮಾಡುತ್ತದೆ. ಆ ಗುಂಪಿನ ಸ್ಲೇಟನ್ನು ಎಲ್ಲರಿಗೂ ತೋರಿಸಿ, ಅಲ್ಲಿಗೆ ಪಾಠ ನಿಲ್ಲಿಸಿ.

ಇಲ್ಲಿ ಆಗುವ ತಪ್ಪು: ಶಿಕ್ಷಕರು ತಡೆಯಲಾರದೆ "ಐದೈದು ಮಾಡ್ರೋ" ಅಂದುಬಿಡುತ್ತಾರೆ. ಅಂದರೆ ಹಂತ ಹಾಳಾಯಿತು. ಹತ್ತು ನಿಮಿಷ ಸುಮ್ನೆ ಕೂರುವುದು ಕಷ್ಟ, ಆದರೂ ಕೂರಿ.

## ಹಂತ 2: ಗುಂಪಿನ ಗಾತ್ರ ಆರಿಸುವುದು

ಎಷ್ಟೆಷ್ಟರ ಕಟ್ಟು ಮಾಡಬೇಕು? ಹತ್ತೇ ಆಗಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಒಂದು ಗುಂಪಿಗೆ 5, ಒಂದಕ್ಕೆ 12, ಒಂದಕ್ಕೆ 20, ಇನ್ನೊಂದಕ್ಕೆ 10 ಕೊಡಿ. ಕಡ್ಡಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಲಿ. ಕಟ್ಟುಗಳು ಜಾಸ್ತಿ ಆದರೆ ಕಟ್ಟುಗಳದ್ದೇ ದೊಡ್ಡ ಕಟ್ಟು. ಐದರ ಗುಂಪಿಗೆ 25, ಹನ್ನೆರಡರ ಗುಂಪಿಗೆ 144.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳ ಮಕ್ಕಳಿದ್ದರೆ ಅವರನ್ನೇ ಮಾತಾಡಿಸಿ. ಡಜನ್ ಅವರಿಗೆ ಗೊತ್ತು. ಹನ್ನೆರಡು ಡಜನ್ನಿಗೆ ಒಂದು ಗ್ರೋಸ್, ಅಂದರೆ 144 ಅನ್ನುವುದನ್ನೂ ಕೆಲವರು ಹೇಳಿಬಿಡುತ್ತಾರೆ. ಉಳಿದವರಿಗೆ ಬೆರಳ ಗೆಣ್ಣು ತೋರಿಸಿ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆಣ್ಣು ಎಣಿಸಿದರೆ 12. ಇನ್ನೊಂದು ಕೈಯ ಐದು ಬೆರಳನ್ನು ಡಜನ್‌ಗೆ ಒಂದರಂತೆ ಮಡಚಿದರೆ 60. ಆ 60 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, 5ನೇ ಹಂತಕ್ಕೆ ಬೇಕಾಗುತ್ತದೆ.

ಗುಂಪು ಚಿಕ್ಕದಾದರೆ ಕಟ್ಟುಗಳ ಅಂತಸ್ತು ಜಾಸ್ತಿ, ಗುಂಪು ದೊಡ್ಡದಾದರೆ ಬಿಡಿ ಕಡ್ಡಿ ಜಾಸ್ತಿ. ಇದು ಮಕ್ಕಳ ಬಾಯಿಂದ ಬಂದರೆ ಮುಂದೆ ಹೋಗಿ.

## ಹಂತ 3: ಗುರುತು ಕೊಡಿ, ಕೂಡಿಸುತ್ತಾ ಹೋಗಿ

ಈಗ ಗುರುತಿಗೆ ಜಾಗ ಬಂತು. ಮೊದಲು ಈಜಿಪ್ಟ್. ಒಂದಕ್ಕೆ ಗೀಟು, ಹತ್ತಕ್ಕೆ ಕಮಾನು, ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ತಾವರೆ. ಬೇಕಾದಷ್ಟು ಸಲ ಬರೆದು ಕೂಡಿಸಿಕೊಂಡರೆ ಸಂಖ್ಯೆ. ಇನ್ನೇನೂ ನಿಯಮ ಇಲ್ಲ.

ಬರೆಸಲು ಸಂಖ್ಯೆ ಹುಡುಕುತ್ತಾ ಕೂರಬೇಡಿ. ವಾಹನಗಳ ನಂಬರ್ ಪ್ಲೇಟ್ ಸಾಕು. ಬಳ್ಳಾರಿ 34, ರಾಯಚೂರು 36, ಕೊಪ್ಪಳ 37. ಮೂರನ್ನೂ ಕಮಾನು ಮತ್ತು ಗೀಟಿನಲ್ಲಿ ಬರೆಯಲಿ. ನಂತರ 999 ಕೊಡಿ. ಇಪ್ಪತ್ತೇಳು ಗುರುತು ಬರೆಯಬೇಕಾಗುತ್ತದೆ. ಆದರೆ 1000ಕ್ಕೆ ಒಂದೇ ತಾವರೆ! ಒಂದು ಹೆಚ್ಚಾದರೆ ಬರವಣಿಗೆ ಇಷ್ಟು ಕಮ್ಮಿ ಆಗುತ್ತದೆ ಅನ್ನುವುದನ್ನು ಮಕ್ಕಳು ಗಮನಿಸಿದರೆ ಒಳ್ಳೆಯದು.

ಗುರುತುಗಳನ್ನು ಹಿಂದುಮುಂದಾಗಿ ಬರೆದು ತೋರಿಸಿ. ಮೂರು ಗೀಟು ಮೊದಲು, ಎರಡು ಕಮಾನು ಆಮೇಲೆ. ಬೆಲೆ ಬದಲಾಯಿತಾ? ಇಲ್ಲ. ಎಲ್ಲಿ ಕುಳಿತರೂ ಕಮಾನು ಅಂದರೆ ಹತ್ತೇ. ಈ ಒಂದು ಮಾತು ನೋಟ್‌ಬುಕ್ಕಿಗೆ ಹೋಗಲಿ.

ಇನ್ನು ಬ್ರಾಹ್ಮಿ. ಅಶೋಕನ ಶಾಸನಗಳು ನಮ್ಮ ಪಕ್ಕದಲ್ಲೇ ಇವೆ: ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೇಗೋಳ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ 256 ಅನ್ನುವ ಸಂಖ್ಯೆ ಇದೆ. ಅದನ್ನು ಎರಡು, ಐದು, ಆರು ಅಂತ ಬರೆದಿಲ್ಲ. 200ಕ್ಕೊಂದು ಗುರುತು, 50ಕ್ಕೊಂದು, 6ಕ್ಕೊಂದು. ಒಟ್ಟು ಮೂರು ಗುರುತು.

ಈಜಿಪ್ಟ್ ರೀತಿಯಲ್ಲಿ ಇದೇ 256ಕ್ಕೆ ಹದಿಮೂರು ಗುರುತು ಬೇಕು. ಹಾಗಾದರೆ ಬ್ರಾಹ್ಮಿಯೇ ಸುಲಭ, ಅಲ್ವಾ? ಮಕ್ಕಳು ಹೌದು ಅನ್ನುತ್ತಾರೆ. ಆಗ ಕೇಳಿ: 1ರಿಂದ 99ರವರೆಗೆ ಎಲ್ಲ ಬರೆಯಲು ಎಷ್ಟು ಬೇರೆ ಬೇರೆ ಗುರುತು ಬಾಯಿಪಾಠ ಮಾಡಬೇಕು? ಬಿಡಿಗೆ ಒಂಬತ್ತು, ಹತ್ತು ಇಪ್ಪತ್ತು ಮೂವತ್ತುಗಳಿಗೆ ಒಂಬತ್ತು, ಒಟ್ಟು 18. ಈಜಿಪ್ಟಿಗೆ ಎರಡೇ ಸಾಕು. ಬರೆಯುವ ಕಷ್ಟ ಕಮ್ಮಿಯಾದರೆ ನೆನಪಿಡುವ ಕಷ್ಟ ಏರುತ್ತದೆ. ಇಡೀ ಪಾಠದಲ್ಲಿ ನನಗೆ ಹೆಚ್ಚು ಇಷ್ಟವಾಗುವ ಪ್ರಶ್ನೆ ಇದು. ಇದಕ್ಕೆ ಹದಿನೈದು ನಿಮಿಷ ಹೋದರೂ ಹೋಗಲಿ.

ಬ್ರಾಹ್ಮಿಯ ಎಲ್ಲ ಗುರುತು ಕಲಿಸುವ ಉಸಾಬರಿ ಬೇಡ. 1, 2, 3ಕ್ಕೆ ಅಡ್ಡ ಗೀಟುಗಳು, 4 ಸುಮಾರಾಗಿ ಕೂಡುವ ಚಿಹ್ನೆಯಂತೆ. ಇಷ್ಟು ತೋರಿಸಿದರೆ ಸಾಕು.

ಉರ್ದು ಮನೆಮಾತಿನ ಮಕ್ಕಳಿದ್ದರೆ ಉನ್ನೀಸ್, ಉನ್ತೀಸ್ ಹೇಳಿಸಿ. 19, 29 ಅನ್ನುವುದನ್ನು ಇಪ್ಪತ್ತಕ್ಕೆ ಒಂದು ಕಮ್ಮಿ, ಮೂವತ್ತಕ್ಕೆ ಒಂದು ಕಮ್ಮಿ ಅಂತ ಎಣಿಸುವುದು. ಗಡಿಯಾರದ ಮೇಲಿನ ರೋಮನ್ 9 ಕೂಡ ಹೀಗೇ, ಹತ್ತಕ್ಕೆ ಒಂದು ಕಮ್ಮಿ. ಕೂಡಿಸುವುದಷ್ಟೇ ಅಲ್ಲ, ಕಳೆದು ಬರೆಯುವ ದಾರಿಯೂ ಇದೆ.

## ಹಂತ 4: ಅದರಲ್ಲೇ ಲೆಕ್ಕ ಮಾಡಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಈಜಿಪ್ಟ್ ಗುರುತಿನಲ್ಲಿ 37 + 36 ಕೊಡಿ. ಎರಡನ್ನೂ ಒಟ್ಟಿಗೆ ಸುರಿದರೆ ಆರು ಕಮಾನು, ಹದಿಮೂರು ಗೀಟು. ಹತ್ತು ಗೀಟು ಅಳಿಸಿ ಒಂದು ಕಮಾನು. ಏಳು ಕಮಾನು, ಮೂರು ಗೀಟು, ಅಂದರೆ 73. "ಕೈಯಲ್ಲಿ ಒಂದು" ಅಂತ ನಾವು ದಿನಾ ಮಾಡುವುದು ಇದನ್ನೇ. ಕೂಡಿಸುವಲ್ಲಿ ತಪ್ಪುವ ಮಕ್ಕಳು ಇಲ್ಲಿ ಅದನ್ನು ಕಣ್ಣಾರೆ ನೋಡುತ್ತಾರೆ.

ಗುಣಾಕಾರಕ್ಕೆ ಈಜಿಪ್ಟಿನವರು ಮಗ್ಗಿ ನೆಚ್ಚಲಿಲ್ಲ. ಇಮ್ಮಡಿ ಮಾಡುತ್ತಾ ಹೋದರು. ಒಂದು ಚೀಲ ಭತ್ತ 75 ಕಿಲೋ ಅಂತ ಹಿಡಿಯಿರಿ. 13 ಚೀಲಕ್ಕೆ ಎಷ್ಟು?

- 1 ಚೀಲ: 75
- 2 ಚೀಲ: 150
- 4 ಚೀಲ: 300
- 8 ಚೀಲ: 600

13 ಅಂದರೆ 8 + 4 + 1. ಆ ಸಾಲುಗಳನ್ನಷ್ಟೇ ಕೂಡಿಸಿ: 600 + 300 + 75 = 975. ಎರಡರ ಮಗ್ಗಿ ಬಂದರೆ ಸಾಕು. ಹದಿಮೂರರ ಮಗ್ಗಿಗೆ ಹೆದರುವ ಹುಡುಗ ಇಲ್ಲಿ ಮುಂದೆ ಬಂದು ಬೋರ್ಡಿನ ಮೇಲೆ ಮಾಡುತ್ತಾನೆ. ಬರಲಿ, ಬಿಡಿ.

ಮೂರು ನಾಲ್ಕು ಲೆಕ್ಕ ಆದ ಮೇಲೆ ಕೇಳಿ: ಯಾವ ಸಂಖ್ಯೆಯನ್ನಾದರೂ 1, 2, 4, 8, 16… ಇವುಗಳನ್ನು ಕೂಡಿಸಿಯೇ ಪಡೆಯಬಹುದಾ, ಒಂದನ್ನು ಎರಡು ಸಲ ಬಳಸದೆ? 1ರಿಂದ 31ರವರೆಗೆ ಒಂದೊಂದೇ ಮಾಡಿ ನೋಡಲಿ. ಕಂಪ್ಯೂಟರಿನ ಎರಡರ ಪದ್ಧತಿ ಇಲ್ಲೇ ಅಡಗಿದೆ, ಆದರೆ ಆ ಹೆಸರನ್ನು ಇವತ್ತೇ ಹೇಳುವ ಅವಸರ ಬೇಡ.

ಎಚ್ಚರಿಕೆಯ ಗುರುತು: ಮಗು ಮೊದಲು ನಮ್ಮ ಅಂಕಿಯಲ್ಲಿ ಲೆಕ್ಕ ಮಾಡಿ, ಉತ್ತರವನ್ನು ಮಾತ್ರ ಈಜಿಪ್ಟ್ ಗುರುತಿಗೆ ತಿರುಗಿಸುತ್ತಿದ್ದರೆ ಪಾಠ ನಾಟಿಲ್ಲ ಅಂತ ಅರ್ಥ. ನೋಟ್‌ಬುಕ್ ಮುಚ್ಚಿಸಿ, ಕಡ್ಡಿ ಮತ್ತು ಕಟ್ಟು ಕೈಗೆ ಕೊಡಿ.

## ಹಂತ 5: ಜಾಗಕ್ಕೆ ಬೆಲೆ, ಆದರೆ ಸೊನ್ನೆ ಇಲ್ಲ

ಬೋರ್ಡಿನ ಮೂಲೆಯಲ್ಲಿರುವ 60 ಈಗ ಬೇಕು. ಬ್ಯಾಬಿಲೋನಿನವರು 60ರ ಗುಂಪು ಮಾಡಿದರು. ಅವರಿಗೆ ಇದ್ದದ್ದು ಎರಡೇ ಗುರುತು: ಒಂದಕ್ಕೆ ನಿಂತ ಮೊಳೆ, ಹತ್ತಕ್ಕೆ ಓರೆ ಮೊಳೆ. 59ರವರೆಗೆ ಈ ಎರಡರಲ್ಲೇ ಕೂಡಿಸುತ್ತಾ ಬರೆದರು. 60ಕ್ಕೆ ಮತ್ತೆ ಅದೇ ನಿಂತ ಮೊಳೆ, ಆದರೆ ಎಡಗಡೆ ಒಂದು ಮನೆ ಸರಿದು.

ಮೊಳೆ ಬರೆಸುವ ಮೊದಲು ಬಸ್ಸಿನ ಲೆಕ್ಕ ಮಾಡಿಸಿ. ಒಂದು ಬಸ್ಸು 1 ಗಂಟೆ 45 ನಿಮಿಷ ಓಡಿತು, ಇನ್ನೊಂದು ಬಸ್ಸು 40 ನಿಮಿಷ. ಒಟ್ಟು? ಕೆಲವರು 1.85 ಅಂತ ಬರೆಯುತ್ತಾರೆ. ಬೈಯಬೇಡಿ, ಅದನ್ನು ಬೋರ್ಡಿನ ಮೇಲೆ ಹಾಗೇ ಉಳಿಸಿ. 85 ನಿಮಿಷ ಅಂದರೆ 1 ಗಂಟೆ 25 ನಿಮಿಷ, ಒಟ್ಟು 2 ಗಂಟೆ 25 ನಿಮಿಷ ಅಂತ ಇನ್ಯಾರೋ ತಿದ್ದುತ್ತಾರೆ. ಗೊತ್ತಿಲ್ಲದೇ ಎಲ್ಲರೂ ಬ್ಯಾಬಿಲೋನಿನ ಲೆಕ್ಕ ಮಾಡುತ್ತಿದ್ದಾರೆ ಅಂತ ಆಗ ಹೇಳಿ.

ಈಗ ಸ್ಲೇಟಿನಲ್ಲಿ ಎರಡು ನಿಂತ ಮೊಳೆ ಬರೆದು ತೋರಿಸಿ. ಇದು ಎಷ್ಟು? 2 ಅನ್ನುತ್ತಾರೆ. "61 ಯಾಕಾಗಬಾರದು?" ಅಂತ ಕೇಳಿ. ಒಂದು ಅರವತ್ತು, ಒಂದು ಬಿಡಿ. ನಡುವೆ ಸ್ವಲ್ಪ ಜಾಗ ಬಿಟ್ಟರೆ 61, ಬಿಡದಿದ್ದರೆ 2. ಎಷ್ಟು ಜಾಗ ಬಿಟ್ಟರೆ ಸರಿ? ತರಗತಿಯಲ್ಲಿ ಜಗಳ ಶುರುವಾಗುತ್ತದೆ. ಒಂದೇ ಮೊಳೆ ಇದ್ದರೆ? 1 ಆಗಬಹುದು, 60 ಆಗಬಹುದು, 3600 ಕೂಡ ಆಗಬಹುದು. ನಡುವಿನ ಖಾಲಿ ಮನೆಗೆ ಒಂದು ಗುರುತು ಬ್ಯಾಬಿಲೋನಿನಲ್ಲಿ ಬಂದದ್ದು ತುಂಬಾ ತಡವಾಗಿ. ಸಾಲಿನ ಕೊನೆಯಲ್ಲಿ ಆಗಲೂ ಹಾಕುತ್ತಿರಲಿಲ್ಲ.

ಜಗಳ ಬಿಡಿಸಬೇಡಿ. ಘಂಟೆ ಹೊಡೆಯಲಿ, ಹಾಗೇ ಮನೆಗೆ ಹೋಗಲಿ.

## ಹಂತ 6: ಈಗ ಸೊನ್ನೆ

ಮಾರನೇ ದಿನ ಮಾಯಾ ಪದ್ಧತಿಯಿಂದ ಶುರು ಮಾಡಿ. ಚುಕ್ಕಿ ಅಂದರೆ 1, ಅಡ್ಡ ಗೀಟು ಅಂದರೆ 5, ಚಿಪ್ಪು ಅಂದರೆ ಸೊನ್ನೆ. 20ರ ಗುಂಪು. ಕೆಳಗಿನ ಮನೆ ಬಿಡಿಗೆ, ಮೇಲಿನ ಮನೆ ಇಪ್ಪತ್ತುಗಳಿಗೆ. ಕೊಪ್ಪಳದ 37 ಬರೆಯಲು ಮೇಲೆ ಒಂದು ಚುಕ್ಕಿ, ಕೆಳಗೆ 17, ಅಂದರೆ ಮೂರು ಗೀಟು ಎರಡು ಚುಕ್ಕಿ. 40ಕ್ಕೆ ಮೇಲೆ ಎರಡು ಚುಕ್ಕಿ, ಕೆಳಗೆ ಚಿಪ್ಪು. ಚಿಪ್ಪು ತೆಗೆದರೆ ಅದು 2. ನಿನ್ನೆಯ ಜಗಳ ಒಂದು ಚಿಪ್ಪಿನಿಂದ ತೀರಿತು.

399ಕ್ಕಿಂತ ದೊಡ್ಡ ಸಂಖ್ಯೆ ಕೊಡಬೇಡಿ. ಮಾಯಾ ಕಾಲಗಣನೆಯಲ್ಲಿ ಮೂರನೇ ಮನೆಯ ಬೆಲೆ 400 ಅಲ್ಲ, 360. ಅಲ್ಲಿಗೆ ಹೋದರೆ ಶಿಕ್ಷಕರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಆಮೇಲೆ ನಮ್ಮವೇ: ೦ ೧ ೨ ೩ ೪ ೫ ೬ ೭ ೮ ೯. ಕನ್ನಡ ಮಾಧ್ಯಮದ ಮಕ್ಕಳಿಗೂ ಇವು ಈಗ ಹೊಸವು. ೬ ಮತ್ತು ೯ ಅದಲು ಬದಲಾಗುತ್ತವೆ, ಅದಕ್ಕೆ ಮೊದಲೇ ಎರಡನ್ನೂ ಅಕ್ಕಪಕ್ಕ ಬರೆಸಿ. ರಾಯಚೂರು ಗಡಿಯಲ್ಲಿ ತೆಲುಗು ಮನೆಮಾತಿನವರು ಜಾಸ್ತಿ. ತೆಲುಗು ಅಂಕಿಗಳು ಬಹುಪಾಲು ಇದೇ ತರಹ, ಅವರಿಗೆ ಬೇಗ ಬರುತ್ತದೆ. ೨೫೬ ಬರೆಸಿ, ಬ್ರಹ್ಮಗಿರಿಯ ಮೂರು ಗುರುತಿನ ಪಕ್ಕ ಇಡಿ. ಎರಡರಲ್ಲೂ ಮೂರೇ ಗುರುತು. ಆದರೆ ಇಲ್ಲಿ ೨ ಅನ್ನುವುದು ಜಾಗ ನೋಡಿಕೊಂಡು 2, 20, 200 ಏನು ಬೇಕಾದರೂ ಆಗುತ್ತದೆ. ಹದಿನೆಂಟರ ಬದಲು ಹತ್ತೇ ಗುರುತು. ಅವುಗಳಲ್ಲಿ ಇನ್ನೆಷ್ಟು ದೊಡ್ಡ ಸಂಖ್ಯೆಯಾದರೂ ಬರೆಯಬಹುದು.

"ಸೊನ್ನೆ ಕಂಡುಹಿಡಿದವರು ಯಾರು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಬ್ಬರ ಹೆಸರು ಹೇಳಿ ಮುಗಿಸಬೇಡಿ. ಖಾಲಿ ಮನೆಗೆ ಗುರುತು ಹಾಕುವುದು ಬೇರೆ, ಸೊನ್ನೆಯನ್ನು ಸಂಖ್ಯೆ ಅಂತ ಹಿಡಿದು ಕೂಡಿ ಕಳೆಯುವುದು ಬೇರೆ. ಎರಡನೆಯದಕ್ಕೆ ನಿಯಮಗಳನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಬರೆದಿಟ್ಟ. ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೇ ಉಳಿಯುತ್ತದೆ ಅಂದ.

ಸರಿಯಾ? ಮಕ್ಕಳ ಮುಂದಿಡಿ. 8 ÷ 0 = 8 ಆದರೆ 8 × 0 ಕೂಡ 8 ಆಗಬೇಕಲ್ಲ. ದೊಡ್ಡ ಗಣಿತಜ್ಞನ ಮಾತನ್ನೂ ಸ್ಲೇಟಿನ ಮೇಲೆ ಹಾಕಿ ಪರೀಕ್ಷಿಸಬಹುದು ಅಂತ ತಿಳಿದರೆ ಹಿಂದಿನ ಬೆಂಚಿನವರಿಗೂ ಹುರುಪು ಬರುತ್ತದೆ.

## ಹಂತ 7: ವಿನ್ಯಾಸ ಹುಡುಕುವುದು

ಇಲ್ಲಿ ಮೂರು ದಾರಿ ಇವೆ. ಸಮಯ ಇಲ್ಲದಿದ್ದರೆ ಮೊದಲನೆಯದನ್ನು ಮಾತ್ರ ಮಾಡಿ.

ಚುಕ್ಕಿ ರಂಗೋಲಿ. ಹಿಂದಿನ ದಿನ ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ: ನಿಮ್ಮಮ್ಮ ಹಾಕುವ ರಂಗೋಲಿ ಎಷ್ಟು ಚುಕ್ಕಿಯಿಂದ ಎಷ್ಟು ಚುಕ್ಕಿಗೆ? ಹುಡುಗರು "ಇದು ಹುಡುಗಿಯರ ಕೆಲಸ" ಅಂತ ಜಾರಿಕೊಳ್ಳುತ್ತಾರೆ. ರೋಲ್ ನಂಬರ್ ಪ್ರಕಾರ ಗುಂಪು ಮಾಡಿದರೆ ಆ ತಕರಾರು ಇಲ್ಲ.

ಮೊದಲು ನೇರ ಚುಕ್ಕಿ: 1, 3, 5, 7, 5, 3, 1. ಒಟ್ಟು 25. ಮೇಲಿನ ಭಾಗ 1+3+5+7 = 16, ಕೆಳಗಿನದು 9. ಎರಡೂ ವರ್ಗ ಸಂಖ್ಯೆ. ಚಿಕ್ಕದು ಮಾಡಿ, ದೊಡ್ಡದು ಮಾಡಿ, ಪ್ರತಿ ಸಲ ಹೀಗೇ ಬರುತ್ತದಾ ನೋಡಲಿ.

ಆಮೇಲೆ ಸಂದಿನ ಚುಕ್ಕಿ, ಅಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಗಿನ ಚುಕ್ಕಿ ಬರುವುದು. 4, 5, 6, 7, 6, 5, 4. ಕೂಡಿಸಿದರೆ 37. ಕೊಪ್ಪಳದ ಮಕ್ಕಳು ಇಲ್ಲಿ ಕೂಗು ಹಾಕಿದರೆ ಹಾಕಲಿ. ಇದಕ್ಕಿಂತ ಚಿಕ್ಕವು: 3, 4, 5, 4, 3 ಕೂಡಿದರೆ 19, 2, 3, 2 ಕೂಡಿದರೆ 7, ಒಂದೇ ಚುಕ್ಕಿ 1. ಈಗ 1, 7, 19, 37 ಬೋರ್ಡಿನ ಮೇಲೆ ಇವೆ. ನಡುವಿನ ವ್ಯತ್ಯಾಸ 6, 12, 18. ಮುಂದಿನದು? ಊಹಿಸಿ, ಆಮೇಲೆ ಪುಡಿ ಹಾಕಿ ಎಣಿಸಲಿ. 61 ಬರಬೇಕು.

ಇನ್ನೂ ಒಂದಿದೆ. ಅವನ್ನೇ ಒಂದೊಂದಾಗಿ ಕೂಡಿಸುತ್ತಾ ಬನ್ನಿ: 1, 8, 27, 64. ಘನ ಸಂಖ್ಯೆಗಳು! ಯಾಕೆ ಅನ್ನುವುದನ್ನು 9ನೇ ತರಗತಿಯವರಿಗೆ ಬಿಡಿ. ಬೆಲ್ಲದ ಅಚ್ಚಿನಂಥ ಘನವನ್ನು ಮೂಲೆ ಕಡೆಯಿಂದ ನೋಡಿದರೆ ಆರು ಮೂಲೆಯ ಆಕಾರ ಕಾಣುತ್ತದೆ, ಅಷ್ಟು ಸುಳಿವು ಸಾಕು.

ಕಂಠಿ ಸಂಖ್ಯೆಗಳು. ಎರಡು ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಮಹಾವೀರಾಚಾರ್ಯ ಕೊರಳ ಹಾರಕ್ಕೆ ಹೋಲಿಸಿದ. 139 × 109 = 15151. 152207 × 73 = 11111111. ಮೊದಲನೆಯದು ಕೈಯಲ್ಲೇ ಆಗಲಿ. ನಂತರ 11 × 11, 111 × 111, 1111 × 1111 ಮಾಡಿಸಿ. 121, 12321, 1234321. ಇದು ಎಲ್ಲಿಯವರೆಗೆ ನಡೆಯುತ್ತದೆ? ಒಂಬತ್ತು ಒಂದುಗಳವರೆಗೆ. ಹತ್ತಕ್ಕೆ ಮುರಿಯುತ್ತದೆ, ಯಾಕೆಂದರೆ ನಡುವಿನ ಮನೆಯಲ್ಲಿ 10 ಬಂದು ಕೈಯಲ್ಲಿ ಒಂದು ಉಳಿಯುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್ ಇಷ್ಟು ದೊಡ್ಡ ಸಂಖ್ಯೆಯನ್ನು ಪೂರ್ತಿ ತೋರಿಸದೇ ಇರಬಹುದು, ಅದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಮಾತ್ರಾಗಣ. ಇದಕ್ಕೆ ಕನ್ನಡ ಶಿಕ್ಷಕರನ್ನು ಜೊತೆಗೆ ಕರೆಯಿರಿ. ಲಘು 1 ಮಾತ್ರೆ, ಗುರು 2 ಮಾತ್ರೆ. ಮೂರು ಮಾತ್ರೆಯ ಗಣ ಎಷ್ಟು ರೀತಿ ಆಗುತ್ತದೆ? ಮೂರು. ನಾಲ್ಕು ಮಾತ್ರೆ? ಐದು. ಐದು ಮಾತ್ರೆ? ಎಂಟು. ಗಣದ ಕೊನೆ ಲಘುವಾದರೆ ಉಳಿದದ್ದು ಒಂದು ಮಾತ್ರೆ ಕಮ್ಮಿ, ಗುರುವಾದರೆ ಎರಡು ಕಮ್ಮಿ. ಆದ್ದರಿಂದ ಹಿಂದಿನ ಎರಡು ಉತ್ತರ ಕೂಡಿಸಿದರೆ ಮುಂದಿನದು. ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಲ್ಲಿ ಓದುವ ಸಾಲು ಷಟ್ಪದಿಗೆ ಪ್ರಸ್ತಾರ ಹಾಕುವ ಮಕ್ಕಳ ಕೈಯಲ್ಲೇ ಇದೆ.

## ಶಾಸನ ನೋಡಲು ಹೋಗುವುದಾದರೆ

ಮಸ್ಕಿಗೋ ಗವಿಮಠಕ್ಕೋ ಹೋಗುವುದು ಲಿಪಿ ನೋಡಲು. "ಅಂಕಿ ತೋರಿಸುತ್ತೇನೆ" ಅಂತ ಮಾತು ಕೊಡಬೇಡಿ. ನವೆಂಬರ್, ಡಿಸೆಂಬರ್ ಒಳ್ಳೆಯದು. ಮಾರ್ಚ್ ನಂತರ ನಮ್ಮ ಕಡೆಯ ಬಂಡೆ ಕಾದ ಹಂಚಾಗುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನು ತಪ್ಪಿಸಿ. ಪಾಲ್ಕಿಗುಂಡಿಗೆ ಬಂಡೆ ಹತ್ತಬೇಕು, ಸಣ್ಣ ಮಕ್ಕಳನ್ನು ಅಲ್ಲಿಗೆ ಒಯ್ಯಬೇಡಿ.

ಅಕ್ಷರ ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವುದು, ನೀರು ಹಾಕುವುದು, ಕಾಗದ ಒತ್ತುವುದು ಯಾವುದೂ ಬೇಡ. ಬಂಡೆ ಹಾಳಾಗುತ್ತದೆ, ಕಾನೂನಿನ ತೊಂದರೆಯೂ ಇದೆ. ಫೋಟೋ ತೆಗೆದು ತರಗತಿಯಲ್ಲಿ ನೋಡಿ.

ಇಟಗಿಯ ಮಹಾದೇವ ದೇವಾಲಯದಂಥ ಜಾಗಕ್ಕೆ ಹೋದರೆ ಶಕ ವರ್ಷದ ಲೆಕ್ಕ ಮಾಡಿಸಬಹುದು. ಅದು ಕ್ರಿ.ಶ. 1112ರ ಗುಡಿ. 78 ಕಳೆದರೆ ಶಕ 1034. ಶಾಸನದ ತಿಥಿ ಜನವರಿಯಿಂದ ಯುಗಾದಿಯ ಒಳಗೆ ಬಿದ್ದರೆ 78ರ ಬದಲು 79 ಹಿಡಿಯಬೇಕು. ಒಂದು ವರ್ಷದ ವ್ಯತ್ಯಾಸ ಬರುವುದು ಹೆಚ್ಚಾಗಿ ಇಲ್ಲಿಂದಲೇ.

## ಕಲಿತರೋ ಇಲ್ಲವೋ, ಹೇಗೆ ತಿಳಿಯುವುದು

ಗುರುತು ಬಾಯಿಪಾಠ ಕೇಳಬೇಡಿ. ಗುರುತುಗಳನ್ನು ಬೋರ್ಡಿನ ಮೇಲೆ ನೀವೇ ಬರೆದುಕೊಡಿ, ಆಮೇಲೆ ಈ ಮೂರು ಕೇಳಿ.

1. ಈಜಿಪ್ಟ್ ಗುರುತುಗಳನ್ನು ಕಲಸಿ ಬರೆದರೂ ಬೆಲೆ ಬದಲಾಗುವುದಿಲ್ಲ, ೨೫೬ನ್ನು ಕಲಸಿದರೆ ಬದಲಾಗುತ್ತದೆ. ಯಾಕೆ?
2. 8ರ ಗುಂಪಿನ ಹೊಸ ಪದ್ಧತಿ ಮಾಡು. ಎಷ್ಟು ಗುರುತು ಬೇಕು? ರಾಯಚೂರಿನ 36 ಅದರಲ್ಲಿ ಹೇಗೆ ಬರೆಯುತ್ತೀ?
3. ಸೊನ್ನೆಯ ಗುರುತು ಇಲ್ಲದಿದ್ದರೆ 205ಕ್ಕೂ 25ಕ್ಕೂ ಹೇಗೆ ಗೊಂದಲ ಆಗುತ್ತದೆ? ಈಜಿಪ್ಟ್ ಪದ್ಧತಿಯಲ್ಲಿ ಆ ಗೊಂದಲ ಯಾಕಿಲ್ಲ?

ಎರಡನೆಯದಕ್ಕೆ ಸೊನ್ನೆ ಸೇರಿ ಎಂಟು ಗುರುತು, 36 ಅಂದರೆ ನಾಲ್ಕು ಎಂಟು ನಾಲ್ಕು ಬಿಡಿ, ಅಂದರೆ 44. "ಒಂಬತ್ತು ಗುರುತು ಬೇಕು" ಅನ್ನುವ ಮಗು 8ಕ್ಕೂ ಒಂದು ಗುರುತು ಇಟ್ಟುಕೊಂಡಿರುತ್ತದೆ. ಕಡ್ಡಿ ಕಟ್ಟಿಸಿ ತೋರಿಸಿ. ಮೂರನೆಯದರಲ್ಲಿ ಅರ್ಧ ತರಗತಿ ತಡವರಿಸಿದರೆ 5ನೇ ಹಂತಕ್ಕೆ ವಾಪಸ್ ಹೋಗಿ, ಎರಡು ಮೊಳೆಯ ಜಗಳವನ್ನು ಇನ್ನೊಮ್ಮೆ ಹಚ್ಚಿಬಿಡಿ.